ಲೆಕ್ಕಕ್ಕೆ ಬಾರದ ಮೂರು ಅಂಕ

ಹಸಿರು ಪಟ್ಟಿ ಒಂದು ಸಾಲು ಕೆಳಗಿಳಿದಿತ್ತು.

ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಮೇಡಂ ಸ್ಟಾಫ್ ರೂಮಿಗೆ ಬಂದರು. ಚೀಲವನ್ನು ಕುರ್ಚಿಗೆ ನೇತುಹಾಕಿದರು. ಹತ್ತನೇ ತರಗತಿಯ ಅಂಕಗಳ ಫೈಲು ತೆರೆದವರು ಕೂರುವುದನ್ನೂ ಮರೆತು ಹಾಗೇ ನಿಂತುಬಿಟ್ಟರು.

ಆ ಫೈಲು ಅವರದೇ ಕೂಸು. ಹಿಂದಿನ ವರ್ಷದವರೆಗೂ ಆ ಶಾಲೆಯಲ್ಲಿ ಅಂಕಗಳೆಂದರೆ ಮೊಳದುದ್ದದ ರಿಜಿಸ್ಟರು, ಕೆಂಪು ಪೆನ್ನು, ವರ್ಷದ ಕೊನೆಗೆ ಎಲ್ಲರಿಗೂ ತಲೆನೋವು. ಮೇಡಂ ರಜೆಯಿಡೀ ಕೂತು ಸ್ಪ್ರೆಡ್‌ಶೀಟ್ ಕಟ್ಟಿದ್ದರು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಅಡ್ಡಸಾಲು. ಒಂದೊಂದು ಕಿರುಪರೀಕ್ಷೆಗೆ ಒಂದೊಂದು ಉದ್ದಸಾಲು. ಅಂಕ ತುಂಬಿದರೆ ಸಾಕು, ಕೊನೆಯಲ್ಲಿ ಒಟ್ಟು ತಾನಾಗಿಯೇ ಬಂದು ಕೂರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಒಟ್ಟು ಯಾರದೋ ಅವರ ಸಾಲು ತಾನಾಗಿಯೇ ಹಸಿರಾಗುತ್ತಿತ್ತು.

ನಿನ್ನೆ ಬೆಳಿಗ್ಗೆ ಆ ಹಸಿರು ಡಾಕ್ಟ್ರಮ್ಮನ ಸಾಲಿನಲ್ಲಿತ್ತು. ಈಗ ಅದರ ಕೆಳಗೆ, ಗುಂಡನ ಸಾಲಿನಲ್ಲಿತ್ತು.

ಡಾಕ್ಟ್ರಮ್ಮ ಎಂದರೆ ಹದಿನೈದರ ಹುಡುಗಿ, ಮೂಲೆ ಅಂಗಡಿಯ ಟೈಲರಮ್ಮನ ಮಗಳು. ಎರಡನೇ ಕ್ಲಾಸಿನಲ್ಲಿ ಮೊದಲು ಬಂದ ದಿನವೇ ಅವಳಮ್ಮ ನನ್ನ ಮಗಳು ಡಾಕ್ಟರಾಗ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ. ಅಂದಿನಿಂದ ಹುಡುಗಿಗೆ ಅದೇ ಹೆಸರು. ಇನ್ನು ಗುಂಡ ಹೆಸರಿಗೆ ಮಾತ್ರ ಗುಂಡ. ಜೋರಾಗಿ ಗಾಳಿ ಬೀಸಿದರೆ ಯಾರಾದರೂ ಹಿಡಿದುಕೊಳ್ಳಬೇಕು, ಅಂಥ ಸಣಕಲ. ಅವನು ಕಂಪ್ಯೂಟರ್ ಮೇಡಂ ಅವರ ಸ್ವಂತ ಅಕ್ಕನ ಮಗ.

ಮೇಡಂ ಬಚ್ಚಿಡಲಿಲ್ಲ. ನೇರವಾಗಿ ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಗಿ, ಯಾರೋ ಅಂಕ ತಿದ್ದಿದ್ದಾರೆ ಎಂದರು. ಮಾತು ಶಾಲೆಯೆಲ್ಲ ಹಬ್ಬಿತು. ಮೊದಲ ಪಿರಿಯಡ್ ಮುಗಿಯುವಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಫೋನೂ ಬಂತು. ಅವರ ಸಿಟ್ಟಿಗೆ ಕಾರಣವಿತ್ತು. ಹತ್ತನೇ ತರಗತಿಯಲ್ಲಿ ಮೊದಲು ಬಂದವರಿಗೆ ದೊಡ್ಡ ಊರಿನ ವಸತಿ ಕಾಲೇಜಿನಲ್ಲಿ ಒಂದು ಸೀಟು ಉಚಿತ. ಡಾಕ್ಟರ್ ಆಗುವವರನ್ನು ತಯಾರು ಮಾಡುವ ಕಾಲೇಜು ಅದು. ಒಂದೇ ಸೀಟು, ಅದೂ ಫೈಲು ಮಾಡಿದವರ ಅಕ್ಕನ ಮಗನಿಗೆ ಹೋಗುತ್ತದೆ ಎಂದರೆ ಊರು ಸುಮ್ಮನಿರುತ್ತದೆಯೇ?

"ನಾಲ್ಕು ಗಂಟೆಗೆ ಸಭೆ," ಎಂದರು ಅಧ್ಯಕ್ಷರು. "ಅಷ್ಟರಲ್ಲಿ ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಆ ಮೇಡಂಗೆ ಇವತ್ತೇ ಕೊನೇ ದಿನ."

ಹೆಡ್‌ಮಿಸ್ಟ್ರೆಸ್ ಫೋನ್ ಇಟ್ಟರು. ಪೊಲೀಸರನ್ನು ಕರೆಸಿದರೆ ಶಾಲೆಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಒಳ್ಳೆಯ ಟೀಚರು ಹೋಗುತ್ತಾರೆ. ಮತ್ತೆ ಫೋನ್ ಎತ್ತಿ ತಮ್ಮ ಅಕ್ಕನಿಗೆ ಮಾಡಿದರು.

*

ಆ ಅಕ್ಕ ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಊರಿಗೆಲ್ಲ ಇನ್ಸ್‌ಪೆಕ್ಟ್ರಮ್ಮ. ಬೇರೆಯವರು ಎಣಿಸಿಟ್ಟದ್ದನ್ನು ತಾವೊಮ್ಮೆ ಎಣಿಸದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಈ ಚಾಳಿಯಿಂದ ಕೆಳಗಿನವರಿಗೂ ಬೇಸರ, ಮೇಲಿನವರಿಗೂ ಬೇಸರ. ಕೆಲಸ ಹೋಗಿ ಮಂಡಿನೋವು ಬಂದಿತ್ತು, ಚಾಳಿ ಹಾಗೇ ಇತ್ತು.

"ಏನೇ ಇದು, ರಿಟೈರಾದ್ಮೇಲೂ ನೆಮ್ಮದಿಯಾಗಿರೋಕೆ ಬಿಡಲ್ವಲ್ಲ ನೀನು," ಎನ್ನುತ್ತ ಅವರು ಸ್ಟಾಫ್ ರೂಮಿನ ಬಾಗಿಲು ಹಿಡಿದು ನಿಂತರು.

"ಅಕ್ಕಾ, ನಾಲ್ಕು ಗಂಟೆ ಒಳಗೆ ಆಗ್ಬೇಕು."

"ನಾಲ್ಕು ಗಂಟೆ ಒಳಗೆ ನಾನು ಈ ಮೆಟ್ಲು ಇಳಿದ್ರೆ ಪುಣ್ಯ. ಎಲ್ಲಿ ಆ ಫೈಲು?"

ಕಂಪ್ಯೂಟರ್ ಮೇಡಂ ಕುರ್ಚಿ ಸರಿಸಿ ಕೊಟ್ಟರು. ಅತ್ತ ಕಣ್ಣುಗಳನ್ನು ಆಗಲೇ ತೊಳೆದುಕೊಂಡಿದ್ದರು, ಅದು ಗೊತ್ತಾಗುತ್ತಿತ್ತು.

"ಈ ಒಂದೊಂದು ಚೌಕಕ್ಕೆ ಸೆಲ್ ಅಂತಾರೆ."

"ನಂಗೆ ಗೊತ್ತಿರೋ ಸೆಲ್‌ಗೆ ಬೀಗ ಇರತ್ತಮ್ಮ. ಇದಕ್ಕೆ?"

"ಹಾಕ್ಬಹುದು. ನಾನು ಹಾಕಿರ್ಲಿಲ್ಲ. ಎಲ್ಲಾ ಮೇಷ್ಟ್ರುಗಳೂ ಅವರವರ ಅಂಕ ಇದ್ರಲ್ಲೇ ತುಂಬ್ತಾರೆ. ಬೀಗ ಹಾಕಿದ್ರೆ ಮಾತುಮಾತಿಗೂ ನನ್ನನ್ನ ಕರೀತಾರೆ."

"ತಿದ್ದಿದ್ದು ಯಾವಾಗ?"

"ನಿನ್ನೆ ಊಟದ ಬಿಡುವಲ್ಲಿ. ಇದೇ ಕಂಪ್ಯೂಟರಲ್ಲಿ. ಫೈಲು ಯಾವಾಗ ಸೇವ್ ಆಯ್ತು ಅಂತ ಇಲ್ಲೇ ತೋರಿಸತ್ತೆ. ನಾನು ಫೈಲು ತೆರೆದಿಟ್ಟೇ ಲ್ಯಾಬಿಗೆ ಹೋಗಿದ್ದೆ. ವೈರುಗಳನ್ನ ಸುತ್ತಿಡೋದಿತ್ತು."

"ಜೊತೇಲಿ ಯಾರಿದ್ರು?"

"ಯಾರೂ ಇಲ್ಲ."

"ಇದು ಒಳ್ಳೇ ಉತ್ತರ ಅಲ್ಲಮ್ಮ."

"ನಿಜ ಅದೇ," ಎಂದರು ಮೇಡಂ.

ಇನ್ಸ್‌ಪೆಕ್ಟ್ರಮ್ಮನಿಗೆ ಆ ಮಾತು ಹಿಡಿಸಿತು. ಆದರೆ ಹಿಡಿಸಿದ ಮಾತನ್ನೇ ನಂಬಿ ಒಮ್ಮೆ ಮೋಸಹೋದ ಅನುಭವವಿತ್ತು. ಹಾಗಾಗಿ ಮುಖದಲ್ಲಿ ಏನೂ ತೋರಿಸಲಿಲ್ಲ.

"ಈ ಒಟ್ಟು ಹೆಂಗೆ ಬರತ್ತೆ, ನಂಗೆ ಅರ್ಥ ಆಗೋ ಹಾಗೆ ಹೇಳಿ."

"ಒಂದು ವಿಷಯಕ್ಕೆ ನಾಲ್ಕು ಕಿರುಪರೀಕ್ಷೆ. ಒಂದೊಂದಕ್ಕೆ ಇಪ್ಪತ್ತು ಅಂಕ. ನಾಲ್ಕರಲ್ಲಿ ಯಾವ್ದು ಕಡಿಮೆಯೋ ಅದನ್ನ ಶೀಟ್ ತಾನೇ ಬಿಟ್ಬಿಡತ್ತೆ. ಉಳಿದ ಮೂರನ್ನ ಕೂಡತ್ತೆ. ಯಾವತ್ತೋ ಒಂದಿನ ಜ್ವರ ಬಂತು ಅಂತ ಮಗು ಹಿಂದೆ ಬೀಳ್ಬಾರ್ದಲ್ಲ."

"ಈ ಸೂತ್ರ ಯಾರ್ಯಾರಿಗೆ ಗೊತ್ತು?"

"ಗುಟ್ಟೇನಲ್ಲ. ಕ್ಲಾಸಲ್ಲಿ ಮಕ್ಕಳಿಗೆ ಇದನ್ನೇ ಮಾಡಿಸಿದೀನಿ. ಸ್ಟಾಫ್ ರೂಮಲ್ಲೂ ಹೇಳೋಕೆ ಹೋಗಿದ್ದೆ. ಇಲ್ಲಿ ಯಾರಿಗೂ ಬೇಕಾಗಿರ್ಲಿಲ್ಲ."

ಆ ಕೊನೆಯ ಮಾತು ಬಾಗಿಲಲ್ಲಿ ನಿಂತಿದ್ದ ಒಬ್ಬರಿಗೆ ನಾಟಿತು.

*

ಅವರು ಲೆಕ್ಕದ ಮೇಷ್ಟ್ರು. ನರೆತ ತಲೆ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಹಳೆಯ ರಿಜಿಸ್ಟರು. ಕಂಪ್ಯೂಟರ್ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ.

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ದೂರು ಕೊಡೋದು?" ಎಂದರು ಒಳಗೆ ಬರುತ್ತ. "ಪುಸ್ತಕದಲ್ಲಿ ತಿದ್ದಿದ್ರೆ ಶಾಯಿ ಕಾಣತ್ತೆ. ಈ ಮಾಯಾಪೆಟ್ಟಿಗೇಲಿ ಏನು ಕಾಣತ್ತೆ?"

"ಹಳೇ ಅಂಕ ಏನಿತ್ತು ಅಂತ ನಿಮ್ಮತ್ರ ಏನಾದ್ರೂ ಇದ್ಯಾ ಮೇಷ್ಟ್ರೇ?"

ಇತ್ತು. ಸೋಮವಾರ ಮೇಡಂ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು. ಉಳಿದವರು ಅದರ ಹಿಂದೆ ಮನೆಸಾಮಾನಿನ ಪಟ್ಟಿ ಬರೆದುಕೊಂಡಿದ್ದರೆ, ಮೇಷ್ಟ್ರು ಮಡಚಿ ಜೋಪಾನ ಮಾಡಿದ್ದರು. ಇನ್ಸ್‌ಪೆಕ್ಟ್ರಮ್ಮ ಕಾಗದ ಹಿಡಿದರು, ಮೇಡಂ ಪರದೆಯ ಮೇಲೆ ಬೆರಳಿಟ್ಟರು. ಒಂದೊಂದೇ ಚೌಕ ತಾಳೆ ನೋಡಿದರು.

ಬದಲಾದದ್ದು ಡಾಕ್ಟ್ರಮ್ಮನ ಅಂಕ ಮಾತ್ರ. ಅದೂ ನಾಲ್ಕೇ ಕಡೆ. ಗಣಿತದ ಒಂದು ಪರೀಕ್ಷೆಯಲ್ಲಿ ಎರಡು ಅಂಕ ಹೋಗಿತ್ತು. ವಿಜ್ಞಾನದಲ್ಲಿ ಒಂದು, ಭಾಷೆಯಲ್ಲಿ ಒಂದು. ಸಮಾಜದ ಕೊನೆಯ ಪರೀಕ್ಷೆಯಲ್ಲಿ ಹದಿನಾಲ್ಕಿದ್ದದ್ದು ಹನ್ನೊಂದಾಗಿತ್ತು.

"ಮೊದಲು ಇಬ್ಬರಿಗೂ ಎಷ್ಟು ವ್ಯತ್ಯಾಸ ಇತ್ತು?"

"ಹುಡುಗಿ ಮೂರು ಅಂಕ ಮುಂದಿದ್ಲು."

"ಈಗ?"

"ಒಂದು ಅಂಕ ಹಿಂದೆ."

ಇನ್ಸ್‌ಪೆಕ್ಟ್ರಮ್ಮ ಬೆರಳು ಮಡಚಿದರು. ಇನ್ನೊಂದು ಸಲ ಮಡಚಿದರು.

"ಲೆಕ್ಕ ಕೂಡ್ತಿಲ್ವಲ್ಲ. ಎರಡು, ಒಂದು, ಒಂದು, ಮೂರು. ಏಳು ಅಂಕ ಹೋಗಿದೆ. ಮೂರು ಮುಂದಿದ್ದೋಳು ನಾಲ್ಕು ಹಿಂದೆ ಬೀಳ್ಬೇಕು. ಒಂದೇ ಯಾಕೆ?"

"ಸಮಾಜದಲ್ಲಿ ಅವಳಿಗೆ ಎಲ್ಲಕ್ಕಿಂತ ಕಡಿಮೆ ಬಂದಿರೋದು ಅದೇ ಪರೀಕ್ಷೇಲಿ," ಎಂದರು ಮೇಡಂ. "ಹದಿನಾಲ್ಕಾದ್ರೂ ಅಷ್ಟೇ, ಹನ್ನೊಂದಾದ್ರೂ ಅಷ್ಟೇ. ಶೀಟ್ ಅದನ್ನ ಹೇಗೂ ಬಿಡತ್ತೆ. ಆ ಮೂರು ಅಂಕ ಲೆಕ್ಕಕ್ಕೇ ಬರಲ್ಲ."

"ಅಂದ್ರೆ ಕಳ್ಳ ಆ ಚೌಕದ ಮೇಲೆ ಸುಮ್ಮನೆ ಕೈ ನೋಯಿಸ್ಕೊಂಡ." ಇನ್ಸ್‌ಪೆಕ್ಟ್ರಮ್ಮ ತಂಗಿಯ ಕಡೆ ತಿರುಗಿದರು. "ಮನೆ ಕಟ್ಟಿದೋಳೇ ಕಳ್ಳಿಯಾದ್ರೆ ಗೋಡೆಗೆ ತಲೆ ಹೊಡ್ಕೊಳಲ್ಲ, ಬಾಗಿಲು ಎಲ್ಲಿದೆ ಅಂತ ಅವಳಿಗೆ ಗೊತ್ತಿರತ್ತೆ. ಸೂತ್ರ ಬರೆದ ಮೇಡಂ ಈ ಮೂರು ಅಂಕನ ಯಾಕೆ ಮುಟ್ತಾರೆ? ಇದು ಸೂತ್ರ ಗೊತ್ತಿಲ್ಲದವರ ಕೆಲಸ."

"ನಂಗೆ ಆ ಸೂತ್ರ ಗೀತ್ರ ಏನೂ ಗೊತ್ತಿಲ್ಲಪ್ಪ!" ಎಂದರು ಮೇಷ್ಟ್ರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರಿಗೆ ತಾವೇನು ಹೇಳಿದೆವೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಿನ್ನೆ ಊಟದ ಬಿಡುವಲ್ಲಿ ಎಲ್ಲಿದ್ರಿ ಮೇಷ್ಟ್ರೇ?"

"ಇಲ್ಲೇ. ನನ್ನ ಕುರ್ಚೀಲಿ."

"ಏನು ಮಾಡ್ತಿದ್ರಿ?"

"ಕಣ್ಣು ಮುಚ್ಕೊಂಡು ಯೋಚನೆ ಮಾಡ್ತಿದ್ದೆ."

"ಅವರು ಯೋಚನೆ ಮಾಡೋದು ಪಕ್ಕದ ಕ್ಲಾಸಿಗೂ ಕೇಳಿಸತ್ತೆ," ಎಂದು ಹೆಡ್‌ಮಿಸ್ಟ್ರೆಸ್ ಗೊಣಗಿದರು.

"ಕೀ ಒತ್ತೋ ಸದ್ದು ಕೇಳಿಸ್ತು," ಎಂದರು ಮೇಷ್ಟ್ರು, ಅದು ಕೇಳಿಸದವರಂತೆ. "ಟಕ್ ಟಕ್ ಅಂತು. ನಿಲ್ತು. ಮತ್ತೆ ಟಕ್ ಟಕ್. ಆ ಪೆಟ್ಟಿಗೆ ಮುಂದೆ ಕೂರೋರು ಇನ್ಯಾರು? ಮೇಡಂ ಅಂದ್ಕೊಂಡೆ."

"ಕಣ್ಣಲ್ಲಿ ನೋಡ್ಲಿಲ್ಲ."

"ಇಲ್ಲ."

"ಬೇರೆ ಯಾರಾದ್ರೂ ಬಂದು ಹೋದ್ರಾ?"

"ಯಾರೂ ಇಲ್ಲ. ಮಕ್ಕಳು ನೋಟ್‌ಬುಕ್ ತಂದಿಡ್ತಾರೆ, ಹೋಗ್ತಾರೆ. ಅವರನ್ನ ಯಾರು ನೋಡ್ಕೊಂಡಿರ್ತಾರೆ?"

ಇನ್ಸ್‌ಪೆಕ್ಟ್ರಮ್ಮ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಚೌಕದಲ್ಲಿ ಹದಿನೇಳು ಎಂದು ಬರೆಯಲು ಹೇಳಿದರು. ಮೇಷ್ಟ್ರು ಮೌಸನ್ನು ಕಾದ ಪಾತ್ರೆಯಂತೆ ಎರಡು ಬೆರಳಲ್ಲಿ ಹಿಡಿದರು. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಕೂತಿತು, ವಾಪಸು ಬರಲೇ ಇಲ್ಲ. ಸೇವೆಯಲ್ಲಿ ಇದಕ್ಕಿಂತ ಚೆನ್ನಾಗಿ ನಟಿಸಿದವರನ್ನು ಇನ್ಸ್‌ಪೆಕ್ಟ್ರಮ್ಮ ನೋಡಿದ್ದರು. ಆದರೂ ಹಣೆಯ ಮೇಲೆ ಬೇಕೆಂದಾಗ ಬೆವರು ತರಿಸುವ ನಟನನ್ನು ನೋಡಿರಲಿಲ್ಲ.

*

ಗುಂಡ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದ. ಗೆಳೆಯರು ಬೆಳಗಿನಿಂದ ಮಾತಾಡಿಸಿರಲಿಲ್ಲ.

"ನೀನೇ ಏನೋ ತಿದ್ದಿದ್ದು?" ಎಂದರು ಇನ್ಸ್‌ಪೆಕ್ಟ್ರಮ್ಮ.

"ಅಲ್ಲ."

"ಸೀಟ್ ಬೇಡ್ವಾ?"

"ಬೇಕು. ಚಿಕ್ಕೋನಿದ್ದಾಗಿಂದ ಡಾಕ್ಟರಾಗ್ಬೇಕು ಅಂತಿದೀನಿ. ಯಾರೂ ಕೇಳಿಸ್ಕೊಂಡಿಲ್ಲ, ಯಾಕಂದ್ರೆ ಯಾವಾಗ್ಲೂ ಅವಳೇ ಫಸ್ಟು." ಮೂಗು ಒರೆಸಿಕೊಂಡ. "ನಾನು ತಿದ್ದೋದಾದ್ರೆ ನನ್ನ ಅಂಕ ಜಾಸ್ತಿ ಮಾಡ್ಕೋತಿದ್ದೆ ಅಜ್ಜಿ. ಅವಳದ್ಯಾಕೆ ಕಡಿಮೆ ಮಾಡ್ಲಿ? ಚಿಕ್ಕಮ್ಮನ ಕೆಲಸ ಹೋದ್ರೆ ಅಮ್ಮ ನನ್ನನ್ನ ಮನೆಗೆ ಸೇರಿಸ್ತಾರಾ?"

ಅಜ್ಜಿ ಎಂದದ್ದನ್ನು ಇನ್ಸ್‌ಪೆಕ್ಟ್ರಮ್ಮ ಕ್ಷಮಿಸಿದರು. ಹುಡುಗ ಹೇಳಿದ್ದು ಸರಿಯಾಗಿತ್ತು. ಸೀಟಿಗಾಗಿ ತಿದ್ದುವವರು ತಮ್ಮವರನ್ನು ಮೇಲೆತ್ತುತ್ತಾರೆ. ಹಗೆಗಾಗಿ ತಿದ್ದುವವರು ಒಂದೇ ಏಟಿಗೆ ಹತ್ತು ಅಂಕ ಕೀಳುತ್ತಾರೆ. ಇಲ್ಲಿ ಯಾರೋ ಸೂಜಿ ಹಿಡಿದವರ ಹಾಗೆ ಅಲ್ಲೊಂದು, ಇಲ್ಲೊಂದು ಅಂಕ ಬಿಡಿಸಿದ್ದರು. ಅದು ಯಾವ ತರಹದ ಕಳ್ಳತನವೆಂದು ಅವರಿಗೆ ಗೊತ್ತಾಗಲಿಲ್ಲ.

"ಹೋಗು, ಮುಖ ತೊಳ್ಕೊ," ಎಂದು ಕಳಿಸಿದರು.

*

"ಅಧ್ಯಕ್ಷರಿಗೆ ತೋರಿಸೋಕೆ ಏನಾದ್ರೂ ಬೇಕು," ಎಂದರು ಒಳಗೆ ಬಂದು. "ಮೊದಲು ಇದ್ದಿದ್ದು ಇಷ್ಟು ಅಂತ ಸಾಬೀತು ಮಾಡೋ ಹಾಗೆ. ಉತ್ತರಪತ್ರಿಕೆ ಇದ್ಯಾ?"

ಇತ್ತು. ಪತ್ರಿಕೆಗಳನ್ನು ತಿದ್ದಿದ ಮೇಲೆ ಮಕ್ಕಳಿಗೆ ಕೊಡುತ್ತಿದ್ದರು. ಅವರು ಮನೆಗೆ ಒಯ್ದು ಹೆತ್ತವರ ಸಹಿ ಹಾಕಿಸಿ ತಂದೊಪ್ಪಿಸಬೇಕು. ಆಮೇಲೆ ಕಟ್ಟು ಕಟ್ಟಿ ಬೀರುವಿಗೆ ಹಾಕುತ್ತಿದ್ದರು. ಡಾಕ್ಟ್ರಮ್ಮನ ಕಟ್ಟು ಈಚೆ ಬಂತು.

ಗಣಿತದ ಪತ್ರಿಕೆಯ ಮೇಲೆ ಮೇಷ್ಟ್ರ ಕೆಂಪು ಶಾಯಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಕೆಳಗೆ ತಾಯಿಯ ಸಹಿ.

"ನೋಡಿ, ಇಪ್ಪತ್ತು!" ಎಂದರು ಮೇಷ್ಟ್ರು. "ಫೈಲಲ್ಲಿ ಹದಿನೆಂಟು ಮಾಡಿದಾರೆ. ಸಾಕ್ಷಿ ಬೇರೆ ಬೇಕಾ?"

ಇನ್ಸ್‌ಪೆಕ್ಟ್ರಮ್ಮ ಪತ್ರಿಕೆ ತೆರೆದು ಒಳಗಿನ ಅಂಕಗಳನ್ನು ತಾವೇ ಕೂಡತೊಡಗಿದ್ದರು. ತುಟಿ ಅಲ್ಲಾಡುತ್ತಿತ್ತು. ಕೂಡಿ ಮುಗಿಸಿ, ಮತ್ತೆ ಮೊದಲಿಂದ ಕೂಡಿದರು.

"ಮೇಷ್ಟ್ರೇ, ನೀವೊಂದ್ಸಲ ಕೂಡಿ."

ಮೇಷ್ಟ್ರು ಕೂಡಿದರು. ಹದಿನೆಂಟು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಕೂಡಿದರು. ಹದಿನೆಂಟೇ. ಪುಟ ತಿರುಗಿಸುವಾಗ ಎರಡು ಅಂಕದ ಒಂದು ಪ್ರಶ್ನೆಯನ್ನು ಎರಡು ಸಲ ಸೇರಿಸಿಕೊಂಡಿದ್ದರು.

"ನನ್ನ ಕೈಯಲ್ಲಿ ತಪ್ಪಾ?" ಎಂದರು. ಅವರ ದನಿ ಕೇಳಿ ಕಂಪ್ಯೂಟರ್ ಮೇಡಂಗೇ ಪಾಪ ಎನಿಸಿತು.

ವಿಜ್ಞಾನದ ಪತ್ರಿಕೆ ತೆರೆದರು. ಒಂದು ಅಂಕ ಹೆಚ್ಚಿಗೆ ಕೂಡಿಸಲಾಗಿತ್ತು. ಭಾಷೆಯ ಪತ್ರಿಕೆ ಹೆಡ್‌ಮಿಸ್ಟ್ರೆಸ್ ಅವರೇ ತಿದ್ದಿದ್ದು. ಅಲ್ಲೂ ಒಂದು ಅಂಕ ಹೆಚ್ಚು. ತಂಗಿ ಅಕ್ಕನ ಮುಖ ನೋಡಲಿಲ್ಲ. ಸ್ಕೂಲಿಗೆ ಹೋಗುವಾಗಲೂ ಕೂಡುವ ಲೆಕ್ಕದಲ್ಲಿ ಅವರು ಹಾಗೇ. ಸಮಾಜದ ಪತ್ರಿಕೆಯ ಮೇಲೆ ಹದಿನಾಲ್ಕು, ಒಳಗೆ ಕೂಡಿದರೆ ಹನ್ನೊಂದು.

"ಉಳಿದಿದ್ದನ್ನೆಲ್ಲ ಕೂಡಿ," ಎಂದರು ಇನ್ಸ್‌ಪೆಕ್ಟ್ರಮ್ಮ. "ಹುಡುಗೀದೂ, ಹುಡುಗಂದೂ."

ಎಲ್ಲರೂ ಕೂತು ಕೂಡಿದರು. ಗುಂಡನ ಪತ್ರಿಕೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಹುಡುಗಿಯ ಉಳಿದ ಪತ್ರಿಕೆಗಳಲ್ಲೂ ಇರಲಿಲ್ಲ. ತಪ್ಪಿದ್ದ ನಾಲ್ಕನ್ನೂ ಯಾರೋ ಸರಿಮಾಡಿದ್ದರು. ಸರಿಯಿದ್ದ ಒಂದನ್ನೂ ಮುಟ್ಟಿರಲಿಲ್ಲ.

"ಕಳ್ಳತನ ಅಂತ ಬಂದೆ," ಎಂದರು ಇನ್ಸ್‌ಪೆಕ್ಟ್ರಮ್ಮ ನಿಧಾನವಾಗಿ. "ಇದು ಕದ್ದಿದ್ದಲ್ಲ. ತನ್ನದಲ್ಲದ್ದನ್ನ ವಾಪಸ್ ಕೊಟ್ಟಿದ್ದು. ತಂಗೀ, ಅಂಕ ಕಡಿಮೆ ಕೂಡಿಸಿದ್ರೆ ಮಕ್ಕಳು ಏನು ಮಾಡ್ತಾರೆ?"

"ಬಿಡ್ತಾರಾ? ಜಗಳಕ್ಕೇ ಬರ್ತಾರೆ."

"ಜಾಸ್ತಿ ಕೂಡಿಸಿದ್ರೆ?"

"ತುಟಿಪಿಟಕ್ ಅನ್ನಲ್ಲ."

"ಆದ್ರೆ ಗೊತ್ತಿರತ್ತೆ."

ಇನ್ಸ್‌ಪೆಕ್ಟ್ರಮ್ಮ ತಮ್ಮ ಕೋಟಿನ ಒಂದು ಗುಂಡಿ ಹಿಡಿದು ಜಗ್ಗಿದರು. ಗಟ್ಟಿಯಾಗಿತ್ತು. ಇನ್ನೂ ಜೋರಾಗಿ ಜಗ್ಗಿ ಕಿತ್ತುಕೊಂಡು, "ಟೈಲರ್ ಅಂಗಡಿ ಯಾವ ಕಡೆ?" ಎಂದರು.

*

ಅಂಗಡಿ ಎರಡು ಹೊಲಿಗೆ ಮಿಷನ್ ಹಿಡಿಸುವಷ್ಟೇ ಇತ್ತು. ಒಂದರ ಮುಂದೆ ಟೈಲರಮ್ಮ ಕೂತು ಪೆಡಲ್ ತುಳಿಯುತ್ತಿದ್ದಳು. ಇನ್ನೊಂದನ್ನು ಬಿಚ್ಚಿ ಹರವಲಾಗಿತ್ತು. ಅರ್ಧದಿನದ ಶಾಲೆ ಮುಗಿಸಿ ಬಂದ ಹುಡುಗಿ ಅದರ ಮುಂದೆ ನೆಲದಲ್ಲಿ ಕೂತಿದ್ದಳು. ಮೊಣಕೈವರೆಗೂ ಎಣ್ಣೆ. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಿಟ್ಟಿದ್ದಳು.

"ಗುಂಡಿ ತಾನೇ, ಕೂತ್ಕೊಳ್ಳಿ, ಈಗ ಹಾಕ್ಕೊಡ್ತೀನಿ," ಎಂದಳು ಟೈಲರಮ್ಮ. "ನೀವು ಸ್ಕೂಲಿಗೆ ಬಂದಿರೋ ಇನ್ಸ್‌ಪೆಕ್ಟ್ರಮ್ಮ ಅಲ್ವಾ? ನೋಡಿ ನಮ್ಮ ಹಣೆಬರಹ. ನನ್ನ ಮಗಳು ಕಷ್ಟಪಟ್ಟು ತಗೊಂಡ ಅಂಕ! ಕದ್ದೋರ ಕೈ ಸೇದಿಹೋಗ!"

ನೆಲದಲ್ಲಿ ಕೂತವಳು ತನ್ನ ಕೈ ನೋಡಿಕೊಂಡಳು.

"ಆ ಮಿಷನ್‌ಗೆ ಏನಾಗಿದೆ?" ಎಂದು ಇನ್ಸ್‌ಪೆಕ್ಟ್ರಮ್ಮ ಅವಳನ್ನು ಕೇಳಿದರು.

"ಸೂಜಿ ಕೆಳಗೆ ಹೋಗೋಕೂ ಕೊಕ್ಕೆ ತಿರುಗೋಕೂ ತಾಳ ತಪ್ಪಿದೆ. ಎಲ್ಲರೂ ಸೂಜಿ ಬದಲಾಯಿಸ್ತಾರೆ. ಸೂಜಿ ತಪ್ಪಲ್ಲ ಅದು." ಹುಡುಗಿಯ ಮುಖ ಆ ಒಂದು ಕ್ಷಣ ಬೆಳಗಿತು.

"ಇವಳಿಗೆ ಇದೊಂದು ಹುಚ್ಚು," ಎಂದಳು ತಾಯಿ. "ಕಾಲೇಜಿಗೆ ಹೋದ್ರೆ ತಾನೇ ಬಿಡತ್ತೆ."

"ನಾಲ್ಕು ಗಂಟೆಗೆ ಸ್ಕೂಲಲ್ಲಿ ಸಭೆ ಇದೆ. ಇಬ್ಬರೂ ಬನ್ನಿ. ಕಂಪ್ಯೂಟರ್ ಮೇಡಂನ ಇವತ್ತೇ ಕೆಲಸದಿಂದ ತೆಗೀತಾರಂತೆ."

ತಿರುಪು ಹಾಕುವ ಕೈ ನಿಂತಿತು.

"ಯಾಕೆ?" ಎಂದಳು ಹುಡುಗಿ.

"ಅಂಕ ಅವರೇ ತಿದ್ದಿದಾರೆ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೇ."

ಬಟ್ಟೆಯ ಮೇಲಿನ ತಿರುಪುಗಳ ಕ್ರಮ ಹುಡುಗಿಯ ಮಂಡಿ ತಗುಲಿ ಕೆಟ್ಟಿತು. ಅವಳದನ್ನು ಗಮನಿಸಲೂ ಇಲ್ಲ.

*

ಸಭೆಗೆ ಅಧ್ಯಕ್ಷರು ಹೊತ್ತಿಗೆ ಸರಿಯಾಗಿ ಬಂದರು. ಮೇಜಿನ ಒಂದು ಕಡೆ ಮೇಷ್ಟ್ರು, ಕಂಪ್ಯೂಟರ್ ಮೇಡಂ, ಹೆಡ್‌ಮಿಸ್ಟ್ರೆಸ್. ಇನ್ನೊಂದು ಕಡೆ ಟೈಲರಮ್ಮ ಮತ್ತು ಮಗಳು.

"ಯಾರು ಅಂತ ಗೊತ್ತಾಯ್ತಾ?" ಎಂದರು ಅಧ್ಯಕ್ಷರು.

"ಗೊತ್ತಾಯ್ತು. ಹೆಂಗೆ ಅಂತ ಮೊದಲು ಕೇಳಿ," ಎಂದರು ಇನ್ಸ್‌ಪೆಕ್ಟ್ರಮ್ಮ. "ನಾಲ್ಕು ಕಡೆ ಅಂಕ ತಿದ್ದಿದಾರೆ. ಅದ್ರಲ್ಲಿ ಒಂದನ್ನ ತಿದ್ದಿದ್ರಿಂದ ಏನೂ ಉಪಯೋಗ ಇಲ್ಲ, ಅದು ಲೆಕ್ಕಕ್ಕೆ ಬರಲ್ಲ. ಆದ್ದರಿಂದ ತಿದ್ದಿದವರಿಗೆ ಸೂತ್ರ ಗೊತ್ತಿಲ್ಲ ಅಂದ್ಕೊಂಡೆ. ಮೇಷ್ಟ್ರ ಮೇಲೆ ಅನುಮಾನ ಪಟ್ಟೆ. ನಾನು ಎಡವಿದ್ದು ಅಲ್ಲೇ. ಉತ್ತರಪತ್ರಿಕೆ ಕೂಡಿ ನೋಡಿದ್ರೆ ಆ ನಾಲ್ಕೂ ಮೊದಲೇ ತಪ್ಪಾಗಿತ್ತು. ತಿದ್ದಿದ ಮೇಲೆ ಸರಿಯಾಗಿದೆ. ಲಾಭಕ್ಕೆ ಮಾತ್ರ ತಿದ್ದೋರು ಮೂರಕ್ಕೆ ನಿಲ್ಲಿಸ್ತಿದ್ರು. ನಾಲ್ಕನೇದನ್ನ ಮುಟ್ಟಿದ್ದಕ್ಕೆ ಒಂದೇ ಕಾರಣ. ಅದು ತಪ್ಪಾಗಿತ್ತು, ಅಷ್ಟೇ. ಈ ತಪ್ಪುಗಳು ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರುಗಳಿಗೇ ಗೊತ್ತಿರ್ಲಿಲ್ಲ. ಪತ್ರಿಕೇನ ಮನೆಗೆ ಒಯ್ದು, ಕೂಡಿ ನೋಡಿ, ಸುಮ್ಮನಿದ್ದೋರಿಗೆ ಮಾತ್ರ ಗೊತ್ತು. ಊಟದ ಬಿಡುವಲ್ಲಿ ನೋಟ್‌ಬುಕ್ ಇಡೋಕೆ ಸ್ಟಾಫ್ ರೂಮಿಗೆ ಬಂದು ಹೋದ್ರೆ ಯಾರೂ ತಿರುಗಿ ನೋಡದೇ ಇರೋ ಅಂಥೋರು. ಕ್ಲಾಸಿನ ನೋಟ್‌ಬುಕ್ ತಂದಿಡೋದು ಯಾರ ಕೆಲಸ ತಂಗೀ?"

ಹೆಡ್‌ಮಿಸ್ಟ್ರೆಸ್ ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ನಿಂತಳು.

"ನಾನೇ ತಿದ್ದಿದ್ದು. ಮೇಡಂ ಕೆಲಸ ಹೋಗತ್ತೆ ಅಂತ ಗೊತ್ತಿರ್ಲಿಲ್ಲ. ಅವರದ್ದೇನೂ ತಪ್ಪಿಲ್ಲ."

ಟೈಲರಮ್ಮ ಮಗಳ ಕೈ ಹಿಡಿದು ಕೂರಿಸಲು ಎಳೆದಳು. ಅವಳು ಕೂರಲಿಲ್ಲ.

"ಸೂತ್ರ ನಿನಗೆ ಗೊತ್ತಿತ್ತಾ?" ಎಂದರು ಇನ್ಸ್‌ಪೆಕ್ಟ್ರಮ್ಮ.

"ಗೊತ್ತಿತ್ತು. ಮೇಡಂ ಕ್ಲಾಸಲ್ಲಿ ಮಾಡಿಸಿದ್ರು."

"ಸಮಾಜದ್ದು ತಿದ್ದಿದ್ರೆ ಏನೂ ಆಗಲ್ಲ ಅಂತಾನೂ?"

"ಗೊತ್ತಿತ್ತು. ಆದ್ರೂ ಅದೂ ತಪ್ಪಾಗಿತ್ತಲ್ಲ."

"ಇಷ್ಟು ದಿನ ಸುಮ್ಮನಿದ್ದು ನಿನ್ನೆ ಯಾಕೆ?"

"ಇಷ್ಟು ದಿನ ಹೇಳೋಕೆ ಧೈರ್ಯ ಇರ್ಲಿಲ್ಲ. ಅಂಕ ಜಾಸ್ತಿ ಇದ್ರೆ ಅಮ್ಮನಿಗೆ ಖುಷಿ. ನಿನ್ನೆ ನೋಟ್‌ಬುಕ್ ಇಡೋಕೆ ಹೋದಾಗ ಪರದೆ ಮೇಲೆ ನನ್ನ ಸಾಲು ಹಸಿರಾಗಿ ಕಾಣಿಸ್ತು. ಹೆದರಿಕೆ ಆಯ್ತು. ನಂಗೆ ಆ ಕಾಲೇಜು ಬೇಡ. ಇಲ್ಲೇ ಪಾಲಿಟೆಕ್ನಿಕ್ ಇದೆ, ಮೆಕ್ಯಾನಿಕಲ್ ಓದ್ಬೇಕು."

"ಒಂದೇ ಚೌಕದಲ್ಲಿ ಐದಾರು ಅಂಕ ತೆಗೆದಿದ್ರೆ ಮುಗೀತಿತ್ತಲ್ಲ?"

"ಅದು ಸುಳ್ಳಾಗತ್ತಲ್ಲ."

"ಈ ನಾಲ್ಕು ತಿದ್ದಿದ್ದು ಸಾಲದೇ ಹೋಗಿದ್ರೆ?"

"ಹೋಗ್ತಿದ್ದೆ. ಡಾಕ್ಟರಾಗ್ತಿದ್ದೆ," ಎಂದಳು ಹುಡುಗಿ.

ಅಧ್ಯಕ್ಷರಿಗೆ ಸಿಟ್ಟು ಮಾಡಲು ಯಾರೂ ಸರಿಯಾಗಿ ಸಿಗುತ್ತಿರಲಿಲ್ಲ. ಕೊನೆಗೆ, ಶಾಲೆಯ ಫೈಲು ಮುಟ್ಟಿದ್ದು ತಪ್ಪು, ಇನ್ನು ಆ ಹುಡುಗಿ ನೋಟ್‌ಬುಕ್ ತಂದಿಡುವ ಕ್ಲಾಸ್ ಲೀಡರ್ ಅಲ್ಲ ಎಂದರು. ಕಂಪ್ಯೂಟರ್ ಮೇಡಂ ಕಡೆ ತಿರುಗಿ, "ನೀವು ಸೋಮವಾರ ಯಾವಾಗ್ಲೂ ಬರೋ ಹಾಗೆ ಬನ್ನಿ. ಆ ಸೆಲ್‌ಗಳಿಗೆ ಬೀಗ ಹಾಕಿ," ಎಂದರು. ಮೇಡಂ ತಲೆಯಾಡಿಸಿದರು.

"ಈಗ ಯಾವ ಅಂಕ ಕಳಿಸೋಣ?" ಎಂದರು ಹೆಡ್‌ಮಿಸ್ಟ್ರೆಸ್.

"ಸರಿಯಿರೋದನ್ನ," ಎಂದರು ಇನ್ಸ್‌ಪೆಕ್ಟ್ರಮ್ಮ. "ಅಂದ್ರೆ ತಿದ್ದಿರೋದನ್ನ."

ಮುದ್ರಿಸಿದ ಪ್ರತಿ ಮೇಜಿನ ಮೇಲೆ ಬಂತು. ಪರಿಶೀಲಿಸಿದವರು ಎಂಬಲ್ಲಿ ಕಂಪ್ಯೂಟರ್ ಮೇಡಂ ಸಹಿ ಹಾಕಬೇಕಿತ್ತು. ಅವರು ಪೆನ್ನು ಮುಟ್ಟಲಿಲ್ಲ.

"ನಾನು ಹಾಕಿದ್ರೆ ಅಕ್ಕನ ಮಗನಿಗೆ ಕೊಡಿಸಿದ್ಲು ಅಂತಾನೇ ಊರು ಹೇಳತ್ತೆ. ಅವನು ಅಲ್ಲಿ ಓದೋವಷ್ಟು ದಿನಾನೂ ಹೇಳತ್ತೆ."

ಲೆಕ್ಕದ ಮೇಷ್ಟ್ರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಡಾಕ್ಟ್ರಮ್ಮನ ಸಾಲನ್ನು ಬೆರಳಿಟ್ಟು ಕೂಡಿದರು, ಗುಂಡನದನ್ನು ಕೂಡಿದರು, ಕೆಂಪು ಪೆನ್ನಿನಲ್ಲಿ ಸಹಿ ಹಾಕಿದರು.

"ಕೂಡೋದು ತಪ್ಪಿದ್ದು ನಾನು. ಊರಿಗೆ ನಾನು ಹೇಳ್ತೀನಿ," ಎಂದರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಆ ಬೇಲಿ ಮಾತು ಬೆಳಿಗ್ಗೆ ಬಾಯಿತಪ್ಪಿ ಬಂತು ಮೇಡಂ," ಎಂದರು.

ಟೈಲರಮ್ಮ ಸಭೆ ಎದ್ದ ಮೇಲೂ ಕುರ್ಚಿ ಬಿಡಲಿಲ್ಲ. ಇನ್ಸ್‌ಪೆಕ್ಟ್ರಮ್ಮ ಬಾಗಿಲ ಬಳಿ ಮಂಡಿ ನೀವಿಕೊಳ್ಳುತ್ತ ನಿಂತಿದ್ದರು. ಹೋಗಬಹುದಿತ್ತು, ಹೋಗಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ ನೀನು?" ಎಂದಳು ತಾಯಿ.

"ಹೇಳಿದ್ದೆ. ಮೂರು ಸಲ."

"ನಾನೇನಂದೆ?"

"ದಾರದ ಉಂಡೆ ತಾ ಅಂದೆ."

"ಮೂರು ಸಲಾನೂ?"

"ಒಂದ್ಸಲ ಕತ್ತರಿ ಕೇಳ್ದೆ."

ಟೈಲರಮ್ಮನ ಮುಖ ಒಮ್ಮೆ ಕಿವುಚಿಕೊಂಡಿತು. ಅಳುತ್ತಾಳೆಂದು ಇನ್ಸ್‌ಪೆಕ್ಟ್ರಮ್ಮ ಅಂದುಕೊಂಡರು. ಅವಳು ಅಳಲಿಲ್ಲ. ಮಡಿಲಲ್ಲಿದ್ದ ಎರಡು ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

"ಈಗ ಕೈಯಲ್ಲಿ ಏನೂ ಇಲ್ಲ," ಎಂದಳು. "ಹೇಳು."

ಹುಡುಗಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಮೊದಲಿಂದ ಹೇಳತೊಡಗಿದಳು.